ಹಳೆಯ ಪಿಕಪ್‌ಗೆ ಮರುಜೀವ: ಚಾಸಿಸ್ ಮತ್ತು ಸ್ಟೀರಿಂಗ್ ಬಗ್ಗೆ ನಂಬಿಕೆ ಎಷ್ಟು, ನಿಜ ಎಷ್ಟು?

“ಹಳೇ ಕಾಲದ ಕಬ್ಬಿಣ ಸ್ವಾಮಿ, ಇನ್ನೂ ಐವತ್ತು ವರ್ಷ ಏನೂ ಆಗಲ್ಲ.” ಹಳೆಯ ಗಾಡಿಗಳ ಮಾತು ಬಂದಾಗಲೆಲ್ಲ ಕೇಳಿಬರುವ ಮಾತಿದು. ಆಗ ತಗಡು ದಪ್ಪವಾಗಿರುತ್ತಿತ್ತು ಎಂಬುದು ನಿಜ. ಆದರೆ ತುಕ್ಕಿಗೆ ಗಾಡಿಯ ವಯಸ್ಸಿನ ಮೇಲೆ ಗೌರವವೇನೂ ಇಲ್ಲ. ಎಪ್ಪತ್ತು ವರ್ಷದ ಗಾಡಿಗೆ ಹೊಳೆಯುವ ಬಣ್ಣ ಹೊಡೆಸಿ ರಸ್ತೆಗೆ ಇಳಿಸಿದಾಗ ಒಳಗಿರುವವರ ಜೀವ ಕಾಯುವುದು ಬಣ್ಣವಲ್ಲ, ಕೆಳಗಿರುವ ಚಾಸಿಸ್ ಮತ್ತು ಸ್ಟೀರಿಂಗ್. ಇವೆರಡರ ಸುತ್ತ ಇರುವ ಕೆಲವು ನಂಬಿಕೆಗಳನ್ನು ಇಲ್ಲಿ ಪರೀಕ್ಷಿಸೋಣ.

ಉದಾಹರಣೆಗೆ ಅಮೆರಿಕದ ಷೆವ್ರೊಲೆ 3100 ಪಿಕಪ್ ತೆಗೆದುಕೊಳ್ಳೋಣ. ಎರಡನೇ ಮಹಾಯುದ್ಧದ ನಂತರ, 1947ರ ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಂದ ‘ಅಡ್ವಾನ್ಸ್ ಡಿಸೈನ್’ ಸಾಲಿನ ಅರ್ಧ ಟನ್ನಿನ ಗಾಡಿ ಇದು. 1955ರವರೆಗೆ ತಯಾರಾಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 116 ಇಂಚು. ಮುಂದೆ ಗಟ್ಟಿಯಾದ ಐ-ಬೀಮ್ ಆಕ್ಸಲ್, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಅಮೆರಿಕದಲ್ಲಿ ಹಳೆಯ ಪಿಕಪ್ ರಿಪೇರಿ ಹವ್ಯಾಸ ಇರುವವರು ಹೆಚ್ಚಾಗಿ ಕೈಹಾಕುವ ಗಾಡಿಗಳಲ್ಲಿ ಇದೂ ಒಂದು. ಅಂದಹಾಗೆ, ಇದನ್ನು ತಯಾರಿಸುತ್ತಿದ್ದ ಜನರಲ್ ಮೋಟರ್ಸ್ ಮುಂಬಯಿಯ ಶಿವಡಿಯಲ್ಲಿ 1928ರಿಂದ 1954ರವರೆಗೆ ಜೋಡಣಾ ಘಟಕ ನಡೆಸುತ್ತಿತ್ತು.

ಚಾಸಿಸ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದೇ?

ಈ ಗಾಡಿಯ ಚಾಸಿಸ್ ಮಲಗಿಸಿದ ಏಣಿಯಂತಿದೆ. ಎರಡು ಉದ್ದನೆಯ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು, ಸೇರಿಸಲು ರಿವೆಟ್. ಉದ್ದನೆಯ ತೊಲೆ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿದ್ದು, ಒಂದು ಬದಿ ತೆರೆದಿರುತ್ತದೆ. ತೆರೆದ ಬದಿಗೆ ಉದ್ದಕ್ಕೂ ಪಟ್ಟಿ ವೆಲ್ಡ್ ಮಾಡಿ ಡಬ್ಬದಂತೆ ಮುಚ್ಚಿಬಿಟ್ಟರೆ ಗಾಡಿ ಭದ್ರವಾಗುತ್ತದೆ ಎಂಬುದು ಅನೇಕರ ನಂಬಿಕೆ.

ಲೆಕ್ಕ ಏನು ಹೇಳುತ್ತದೆ? 150 ಮಿ.ಮೀ. ಎತ್ತರ, 60 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಒಂದು ‘ಸಿ’ ತೊಲೆ ಇದೆ ಎಂದುಕೊಳ್ಳಿ. ಅದೇ ದಪ್ಪದ ಪಟ್ಟಿಯಿಂದ ನಾಲ್ಕನೇ ಬದಿಯನ್ನು ಮುಚ್ಚಿದರೆ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚುವ ಬಲಕ್ಕೆ ಅದು ಒಡ್ಡುವ ಬಿಗಿತ ನಾನೂರು ಪಟ್ಟಿಗೂ ಹೆಚ್ಚಾಗುತ್ತದೆ. ಮುಚ್ಚಿದ ರಟ್ಟಿನ ಕೊಳವೆಯನ್ನು ತಿರುಚಿ ನೋಡಿ, ಆಮೇಲೆ ಅದನ್ನೇ ಉದ್ದಕ್ಕೆ ಸೀಳಿ ತಿರುಚಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹಾಗಾದರೆ ಮುಚ್ಚುವುದೇ ಸರಿಯಲ್ಲವೇ? ಯಾವಾಗಲೂ ಅಲ್ಲ. ಹಳ್ಳದಲ್ಲಿ ಒಂದು ಚಕ್ರ, ದಿಬ್ಬದ ಮೇಲೆ ಇನ್ನೊಂದು ಚಕ್ರ ಇರುವಾಗ ಈ ಚಾಸಿಸ್ ಸ್ವಲ್ಪ ತಿರುಚಿಕೊಳ್ಳಲಿ ಎಂದೇ ಅದನ್ನು ತೆರೆದಿಟ್ಟಿರುವುದು. ನಮ್ಮ ರಸ್ತೆಗಳ ಲಾರಿಗಳಲ್ಲಿ ಇಂದಿಗೂ ಇದೇ ಬಗೆಯ ಚಾಸಿಸ್ ಇದೆ. ಒಂದು ಭಾಗವನ್ನಷ್ಟೇ ಡಬ್ಬದಂತೆ ಬಿಗಿ ಮಾಡಿದರೆ ತಿರುಚುವ ಬಲ ಮಾಯವಾಗುವುದಿಲ್ಲ, ಬಿಗಿ ಮುಗಿದು ಸಡಿಲ ಶುರುವಾಗುವ ಜಾಗಕ್ಕೆ ಹೋಗಿ ಸೇರುತ್ತದೆ. ಬಿರುಕು ಬಿಡುವುದು ಅಲ್ಲೇ. ದೊಡ್ಡ ಎಂಜಿನ್, ಬೇರೆ ಸಸ್ಪೆನ್ಷನ್ ಕೂರಿಸುವವರು ಮುಚ್ಚಲಿ, ಅದಕ್ಕೆ ಕಾರಣವಿದೆ. ಮೂಲ ಎಂಜಿನ್ನಿನಲ್ಲೇ ನಿಧಾನವಾಗಿ ಓಡಿಸುವವರು ಮೂಲ ವಿನ್ಯಾಸವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು ಎಂದು ನಮಗನ್ನಿಸುತ್ತದೆ.

ತುಕ್ಕಿನ ಮೇಲೆ ಬಣ್ಣ ಬಳಿದರೆ ತುಕ್ಕು ನಿಲ್ಲುತ್ತದೆಯೇ?

ಇಲ್ಲ. ಕಬ್ಬಿಣ, ನೀರು, ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ನೀರಿನ ವಿದ್ಯುತ್ ವಾಹಕತೆ ಹೆಚ್ಚಿ ಕೆಲಸ ಇನ್ನೂ ಚುರುಕಾಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಗಾಡಿಗಳಿಗಿಂತ ಅರಿಜೋನಾದ ಮರುಭೂಮಿಯಲ್ಲಿ ನಿಂತ ಗಾಡಿಗಳಿಗೆ ಬೇಡಿಕೆ ಹೆಚ್ಚಿರುವುದು ಇದಕ್ಕೇ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಅದೇ ಗುಣ.

ತುಕ್ಕು ಸ್ಪಂಜಿನಂತೆ ರಂಧ್ರಗಳಿಂದ ಕೂಡಿದ್ದು, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಬಣ್ಣ ಬಳಿದರೆ ತೇವಕ್ಕೆ ಹೊದಿಕೆ ಹೊದಿಸಿದಂತಾಯಿತು. ಜೊತೆಗೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ರಿವೆಟ್ ಮಾಡಿದ ಎರಡು ಪಟ್ಟಿಗಳ ನಡುವೆ ಅದು ಬೆಳೆದರೆ ಪಟ್ಟಿಗಳು ಉಬ್ಬಿ ದೂರ ಸರಿಯುತ್ತವೆ, ಕೊನೆಗೆ ರಿವೆಟ್ಟೇ ತುಂಡಾಗಬಹುದು. ಚಾಸಿಸ್ ನೋಡುವಾಗ ಮೊದಲು ಹುಡುಕಬೇಕಾದ್ದು ಇಂಥ ಉಬ್ಬನ್ನು.

ಬಡಗಿ ಮರ ತಟ್ಟಿ ನೋಡುವಂತೆ ಚಾಸಿಸ್ಸನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತಿಂದುಹೋದ ಉಕ್ಕು ದಬ್ ಎನ್ನುತ್ತದೆ. ಅನುಮಾನ ಬಂದ ಕಡೆ ದಬ್ಬಳ ಒತ್ತಿ ನೋಡಿ. ಕ್ಯಾಬಿನ್ ಕೂರುವ ಜಾಗ, ಸ್ಪ್ರಿಂಗ್ ಹ್ಯಾಂಗರುಗಳ ಹಿಂಭಾಗ, ತೊಲೆಯ ಒಳಗೆ ಮಣ್ಣು ಕೂರುವ ಕೆಳ ಅಂಚು, ಇವುಗಳಿಗೆ ಹೆಚ್ಚು ಸಮಯ ಕೊಡಿ.

ತುಕ್ಕನ್ನು ಕಪ್ಪಗಾಗಿಸುವ ‘ರಸ್ಟ್ ಕನ್ವರ್ಟರ್’ ದ್ರವದ ಬಗ್ಗೆಯೂ ಅತಿಯಾದ ನಂಬಿಕೆ ಇದೆ. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫರಿಕ್ ಆಮ್ಲ ಮೇಲ್ಪದರದ ತುಕ್ಕಿನೊಂದಿಗೆ ಸೇರಿ ಹೆಚ್ಚು ಸ್ಥಿರವಾದ ಸಂಯುಕ್ತವಾಗುತ್ತದೆ ಎಂಬುದು ನಿಜ. ತೆಳುವಾಗಿ ಅಂಟಿಕೊಂಡ ತುಕ್ಕಿಗೆ ಅದು ಸರಿ. ಹಪ್ಪಳದಂತೆ ಏಳುವ ತುಕ್ಕಿನ ಒಳಗೆ ಅದು ಇಳಿಯುವುದೇ ಇಲ್ಲ. ಹೋದ ಕಬ್ಬಿಣವನ್ನಂತೂ ಯಾವ ದ್ರವವೂ ತಂದುಕೊಡದು.

ಬೆಲ್ಲ, ಹಾಲು ಮತ್ತು ವರ್ಕ್‌ಶಾಪಿನ ಹೊಗೆ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಗಾಡಿಗಿಂತ ಅದನ್ನು ಸರಿಮಾಡುವವರ ಶ್ವಾಸಕೋಶ ಮುಖ್ಯ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ಬಣ್ಣ ಉಜ್ಜಿದರೆ ಆ ಸೀಸ ಪುಡಿಯಾಗಿ ಗಾಳಿಗೆ, ಅಲ್ಲಿಂದ ಬಟ್ಟೆಗೆ, ಬಟ್ಟೆಯಿಂದ ಮನೆಯ ಮಕ್ಕಳವರೆಗೆ ಹೋಗುತ್ತದೆ. ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು ಇನ್ನೂ ಅಪಾಯ. ಸಾಮಾನ್ಯ ಮರಳಿನ ಸಿಲಿಕಾ ದೂಳು ಸಿಲಿಕೋಸಿಸ್ ತರುತ್ತದೆ, ಅದನ್ನು ಗುಣಪಡಿಸುವ ಔಷಧಿ ಇಲ್ಲ. ಬ್ರಿಟನ್ ಈ ಕೆಲಸಕ್ಕೆ ಸಿಲಿಕಾ ಮರಳನ್ನು 1950ರ ಹೊತ್ತಿಗೇ ನಿಷೇಧಿಸಿತ್ತು. ಗಾರ್ನೆಟ್‌ನಂಥ ಬದಲಿ ಕಣಗಳಿವೆ. ಆಗಲೂ ಗಾಳಿ ಪೂರೈಸುವ ಮುಖಗವಸು ಬೇಕೇ ಬೇಕು.

ಸತು ಲೇಪಿಸಿದ ಬೋಲ್ಟನ್ನೋ ಪಟ್ಟಿಯನ್ನೋ ವೆಲ್ಡ್ ಮಾಡಿದರೆ ಬರುವ ಬಿಳಿ ಹೊಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ತರುತ್ತದೆ. ಇದೇ ‘ಲೋಹಧೂಮ ಜ್ವರ’. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ಲೋಟ ಹಾಲು ಕುಡಿದರೆ, ಒಂದು ಉಂಡೆ ಬೆಲ್ಲ ತಿಂದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ವರ್ಕ್‌ಶಾಪುಗಳಲ್ಲಿ ಗಟ್ಟಿಯಾಗಿದೆ. ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ತಿನ್ನಲು ಅಡ್ಡಿಯಿಲ್ಲ, ಆದರೆ ಅದು ಮಾಸ್ಕಿನ ಬದಲಿ ಅಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿ ತೊಳೆದ ಭಾಗವನ್ನಂತೂ ವೆಲ್ಡ್ ಮಾಡಲೇಬೇಡಿ. ಆ ಶಾಖದಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಅಳತೆ ಮೊದಲು, ಬೆಂಕಿ ಆಮೇಲೆ

ಚಾಸಿಸ್ ನೆಟ್ಟಗಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ, ಗಾರೆ ಕೆಲಸದ ತೂಕದ ಗುಂಡು ಸಾಕು. ಚಾಸಿಸ್ಸನ್ನು ಸಮನಾದ ಸ್ಟ್ಯಾಂಡುಗಳ ಮೇಲೆ ಇಟ್ಟು (ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು), ಎರಡೂ ತೊಲೆಗಳ ಜೋಡಿ ತೂತುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಕರ್ಣಗಳನ್ನು ಅಳೆಯಿರಿ. ಆಯತದ ಎರಡು ಕರ್ಣಗಳು ಸಮ ಎಂದು ಶಾಲೆಯಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ವ್ಯತ್ಯಾಸ ಸುಮಾರು 3 ಮಿ.ಮೀ. ಒಳಗಿದ್ದರೆ ನೆಮ್ಮದಿ. ಹೆಚ್ಚಿದ್ದರೆ ಗಾಡಿ ಎಂದೋ ಅಪಘಾತಕ್ಕೆ ಸಿಕ್ಕಿರಬಹುದು, ಅದನ್ನು ಎಳೆದು ನೆಟ್ಟಗೆ ಮಾಡುವ ಕೆಲಸ ಪರಿಣತರದ್ದು.

ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ಸೇರಿಸುವಾಗ ಬೆಸುಗೆ ತೊಲೆಗೆ ನೇರ ಅಡ್ಡವಾಗಿ ಬರಬಾರದು, ಓರೆಯಾಗಿರಲಿ. ಆಗ ಒಂದೇ ಜಾಗದಲ್ಲಿ ಒತ್ತಡ ಸೇರುವುದಿಲ್ಲ. ತೊಲೆಯ ಮೇಲಿನ, ಕೆಳಗಿನ ಅಂಚುಗಳಲ್ಲಿ ತೂತು ಕೊರೆಯುವುದು ಕೂಡದು, ಏಕೆಂದರೆ ತೊಲೆ ಬಾಗುವಾಗ ಹೆಚ್ಚು ಎಳೆತ, ಹೆಚ್ಚು ಒತ್ತಡ ಬೀಳುವುದು ಆ ಅಂಚುಗಳ ಮೇಲೆ. ಸಡಿಲವಾದ ರಿವೆಟ್ ತೆಗೆದ ಜಾಗಕ್ಕೆ ಬೋಲ್ಟ್ ಹಾಕುವುದಾದರೆ ತೂತಿಗೆ ಬಿಗಿಯಾಗಿ ಕೂರುವ, 10.9 ದರ್ಜೆಯ ಬೋಲ್ಟ್ ಇರಲಿ.

ಸ್ಟೀರಿಂಗ್ ಆಡುತ್ತಿದೆ, ಸ್ಕ್ರೂ ಬಿಗಿ ಮಾಡಿದರೆ ಸಾಕಲ್ಲವೇ?

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಸ್ಟೀರಿಂಗ್ ಬಾಕ್ಸಿನ ಮೇಲೆ ಹೊಂದಾಣಿಕೆಯ ಸ್ಕ್ರೂ ಒಂದಿರುತ್ತದೆ. ಅದನ್ನು ತಿರುಗಿಸಿದರೆ ಆಟ ಕಡಿಮೆಯಾದಂತೆ ತೋರುತ್ತದೆ. ಆದರೆ ಗಾಡಿ ಹೆಚ್ಚಾಗಿ ಓಡುವುದು ನೇರವಾಗಿ, ಹಾಗಾಗಿ ಒಳಗಿನ ಹಲ್ಲುಗಳು ಹೆಚ್ಚು ಸವೆಯುವುದು ನಡುಭಾಗದಲ್ಲಿ. ಸವೆದ ನಡುಭಾಗಕ್ಕೆ ಸರಿಯಾಗುವಂತೆ ಬಿಗಿ ಮಾಡಿದರೆ, ಸವೆಯದ ಬದಿಗಳಲ್ಲಿ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಹೊರಳಿಸಿದ ಸ್ಟೀರಿಂಗ್ ವಾಪಸ್ ಬರದಿದ್ದರೆ ಏನಾದೀತು ಯೋಚಿಸಿ. ಮೊದಲು ಒಳಗಿನ ಬೇರಿಂಗುಗಳ ಬಿಗಿತ, ಆಮೇಲೆ ಸ್ಟೀರಿಂಗ್ ನಡುವಿಗೆ ತಂದು ಹಲ್ಲುಗಳ ಹೊಂದಾಣಿಕೆ, ಇದು ಕ್ರಮ. ಕೊನೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಹಿಡಿಯದೆ ತಿರುಗಬೇಕು.

ಅಲ್ಲದೆ, ಆಟ ಬಾಕ್ಸಿನದ್ದೇ ಆಗಿರಬೇಕೆಂದಿಲ್ಲ. ಸ್ಟೀರಿಂಗ್ ಅನುಪಾತ 20:1, ಬಾಕ್ಸಿನಿಂದ ಇಳಿಯುವ ತೋಳಿನ ಉದ್ದ 15 ಸೆಂ.ಮೀ., ಸ್ಟೀರಿಂಗ್ ಚಕ್ರದ ವ್ಯಾಸ 43 ಸೆಂ.ಮೀ. ಎಂದುಕೊಂಡರೆ, ಡ್ರ್ಯಾಗ್ ಲಿಂಕಿನ ತುದಿಯಲ್ಲಿ ಬರೀ 1 ಮಿ.ಮೀ. ಸವೆತ ನಿಮ್ಮ ಕೈಯಲ್ಲಿ ಸುಮಾರು 29 ಮಿ.ಮೀ. ಆಟವಾಗುತ್ತದೆ! ಇಂಥ ನಾಲ್ಕೈದು ಕೀಲುಗಳಿರುವಾಗ ಬಾಕ್ಸನ್ನು ಮಾತ್ರ ದೂರುವುದು ನ್ಯಾಯವಲ್ಲ. ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸಣ್ಣಗೆ ಅಲ್ಲಾಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಲಿ. ಒಂದು ಭಾಗ ಅಲುಗಿ ಅದರ ಮುಂದಿನದು ಸುಮ್ಮನಿದ್ದರೆ ಕಳ್ಳ ಅಲ್ಲೇ ಸಿಕ್ಕ. ಬಾಕ್ಸ್ ಕೂತಿರುವ ಜಾಗವನ್ನೂ ನೋಡಿ. ಬೋಲ್ಟುಗಳ ಸುತ್ತ ಚಾಸಿಸ್ಸೇ ಬಿರುಕು ಬಿಟ್ಟಿದ್ದರೆ ಇಡೀ ಬಾಕ್ಸ್ ಅಲುಗುತ್ತದೆ.

ಇನ್ನು ಕಿಂಗ್ ಪಿನ್. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಈ ದಪ್ಪ ಉಕ್ಕಿನ ಕಡ್ಡಿಯ ಮೇಲೆ. ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಯಾರಿಂದಾದರೂ ಬ್ರೇಕ್ ಒತ್ತಿಸಿ ಮತ್ತೆ ನೋಡಿ. ಆಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು, ಉಳಿದರೆ ಕಿಂಗ್ ಪಿನ್ನಿನದು. ಪಿನ್ ತೆಗೆಯುವ ಮೊದಲು ಅದನ್ನು ಹಿಡಿದಿರುವ ಸಣ್ಣ ಲಾಕ್ ಪಿನ್ ಹೊರಬರಬೇಕು. ಅದನ್ನು ಮರೆತು ಸುತ್ತಿಗೆ ಬೀಸಿ ಆಕ್ಸಲ್ ಹಾಳುಮಾಡಿಕೊಂಡವರು ಕಡಿಮೆಯೇನಿಲ್ಲ. ಹೊಸ ಕಂಚಿನ ಬುಷ್ ಕೂರಿಸಿದ ಮೇಲೆ ಮೇಲಿನ, ಕೆಳಗಿನ ಎರಡನ್ನೂ ಒಂದೇ ನೇರದಲ್ಲಿ ಉದ್ದನೆಯ ರೀಮರಿನಿಂದ ಹದಗೊಳಿಸಬೇಕು. ಈ ಕೆಲಸಕ್ಕೆ ಒಳ್ಳೆಯ ಲೇತಿನವರನ್ನು ಹುಡುಕಿ. ಬುಷ್ಷಿನ ತೂತು ಗ್ರೀಸ್ ನಿಪ್ಪಲ್ಲಿನ ತೂತಿಗೆ ಸರಿಯಾಗಿ ಕೂತಿದೆಯೇ ಎಂಬುದನ್ನು ಮಾತ್ರ ನೀವೇ ನೋಡಿ. ಅದು ತಪ್ಪಿದರೆ ಎಷ್ಟು ಗ್ರೀಸ್ ಒತ್ತಿದರೂ ಒಳಗೆ ಹೋಗದು, ಹೊಸ ಬುಷ್ ಬಹಳ ಬೇಗ ಸವೆಯುತ್ತದೆ.

ಬಗ್ಗಿದ ಸ್ಟೀರಿಂಗ್ ತೋಳನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ ಎನ್ನಿ. ಈ ತೋಳುಗಳಿಗೆ ಬಲ ಬಂದಿರುವುದು ಕಾರ್ಖಾನೆಯಲ್ಲಿ ಕೊಟ್ಟ ಹದದಿಂದ. ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಹಳೆಯ ತೋಳನ್ನೇ ಉಳಿಸಿಕೊಳ್ಳುವುದಾದರೆ ‘ಡೈ ಪೆನೆಟ್ರಂಟ್’ ಪರೀಕ್ಷೆ ಮಾಡಿಸಿ. ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ.

ಚಕ್ರಗಳ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಯದು. ಸ್ಪ್ರಿಂಗ್ ಕುಗ್ಗಿದ್ದರೆ ಕಿಂಗ್ ಪಿನ್ನಿನ ಹಿಂದೊರಗು ಬದಲಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈಬಿಟ್ಟರೂ ಸೈಕಲ್ ನೇರ ಹೋಗುತ್ತದಲ್ಲ, ಇಲ್ಲೂ ಅದೇ ತತ್ವ. ಒರಗು ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಅಲೆಯುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಪಟ್ಟಿ ಕೊಟ್ಟು ಇದನ್ನು ಸರಿಪಡಿಸುತ್ತಾರೆ. ಆಮೇಲೆ ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಒಂದೂವರೆಯಿಂದ ಮೂರು ಮಿ.ಮೀ. ಹತ್ತಿರ ಇರುವಂತೆ ಟೈ ರಾಡ್ ತಿರುಗಿಸಿ ಹೊಂದಿಸಿದರೆ ಆಯಿತು.

ಭಾರತದಲ್ಲಿ ಇಂಥ ಗಾಡಿ ಇಟ್ಟುಕೊಂಡವರು ಗಮನಿಸಬೇಕಾದ್ದು ಇನ್ನೊಂದಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮಾರ್ಪಡಿಸಿದ್ದರೆ ಅದು ಈ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. ಹಾಗಾಗಿ ಚಾಸಿಸ್ಸಿಗೆ ಬೆಂಕಿ ತಾಗಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಕೆಲಸದ ಪ್ರತಿ ಹಂತದ ಫೋಟೋ ಇಟ್ಟುಕೊಳ್ಳಿ.

ಗಾಡಿ ಮೊದಲ ಬಾರಿ ಹೊರಟಾಗ ಖಾಲಿ ಜಾಗದಲ್ಲಿ, ನಿಧಾನವಾಗಿ ಓಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಸ್ಪ್ರಿಂಗಿನ ಯು-ಬೋಲ್ಟ್, ಬಾಕ್ಸಿನ ಬೋಲ್ಟ್ ಮತ್ತು ಪ್ರತಿ ಕೀಲಿನ ಸ್ಪ್ಲಿಟ್ ಪಿನ್ ಮತ್ತೊಮ್ಮೆ ನೋಡಿ. ಹೊಸ ಬಣ್ಣ ಒತ್ತಿಕೊಂಡು ತೆಳುವಾಗುವುದರಿಂದ ಬಿಗಿ ಮಾಡಿದ ಬೋಲ್ಟುಗಳೂ ಈ ಹೊತ್ತಿಗೆ ಸ್ವಲ್ಪ ಸಡಿಲವಾಗಿರುತ್ತವೆ.