ಆಕಾರದಿಂದ ಉಚ್ಚಾರಕ್ಕೆ: ಕನ್ನಡ ಕೀಲಿಮಣೆ ಬೆಳೆದ ಬಗೆ

ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳು 49: ಸ್ವರ 13, ಯೋಗವಾಹ 2, ವ್ಯಂಜನ 34. ಬರೆಯುವಾಗ ಮಾತ್ರ ಈ ಲೆಕ್ಕ ಬೆಳೆಯುತ್ತ ಹೋಗುತ್ತದೆ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರ. ಒಂದೊಂದು ಒತ್ತನ್ನೂ ಕೊಟ್ಟು ಎಣಿಸಿದರೆ ಹದಿನೈದು ಸಾವಿರ ದಾಟುತ್ತದೆ. ಇವುಗಳಲ್ಲಿ ಬಳಕೆಯಲ್ಲಿರುವುದು ಸಣ್ಣ ಪಾಲೇ ಆದರೂ ಯಂತ್ರದ ಕೀಲಿಗಳಿಗೆ ಅದೂ ಹೆಚ್ಚು. ಈ ರಾಶಿಯನ್ನು ಹೇಗೆ ಒಡೆದು ಹಂಚಬೇಕೆಂಬ ಪ್ರಶ್ನೆಯ ಸುತ್ತಲೇ ಕನ್ನಡ ಕೀಲಿಮಣೆ ಬೆಳೆದಿದೆ.

ಬೆರಳಚ್ಚು ಯಂತ್ರದ ಕಾಲದಲ್ಲಿ ಅಕ್ಷರವನ್ನು ಒಡೆದದ್ದು ಆಕಾರದ ಮೇಲೆ. ಅನಂತಸುಬ್ಬರಾವ್ ರೂಪಿಸಿದ ಟೈಪ್‌ರೈಟರ್ ಕೀಲಿಮಣೆ ಕಚೇರಿಗಳಲ್ಲಿ ನೆಲೆಯೂರಿತು. ಅಲ್ಲಿ ಕೀಲಿ ಒತ್ತಿದರೆ ಮೂಡುತ್ತಿದ್ದುದು ಅಕ್ಷರದ ಒಂದು ತುಂಡು. ತಲೆಕಟ್ಟು, ಇಳಿ, ಒತ್ತುಗಳನ್ನು ಬೆರಳಚ್ಚುಗಾರರು ಒಂದರ ಪಕ್ಕ ಒಂದು ಕೂಡಿಸಿ ಅಕ್ಷರವನ್ನು ಕಟ್ಟಬೇಕಿತ್ತು. ಬರೆಯುವ ಕ್ರಮ ಉಚ್ಚಾರಕ್ಕಿಂತ ಬೇರೆಯಾದ ಕಡೆ ಕೈ ಹಿಂಬಾಲಿಸುತ್ತಿದ್ದುದು ಕಣ್ಣನ್ನು. ‘ಸೂರ್ಯ’ದಲ್ಲಿ ರಕಾರದ ಉಚ್ಚಾರ ಯಕಾರಕ್ಕಿಂತ ಮೊದಲು, ಅರ್ಕಾವತ್ತಿನ ಜಾಗ ಮಾತ್ರ ಅದರ ಆಚೆ.

ಗಣಕ ಬಂದ ಮೇಲೆ ಈ ಕಟ್ಟು ಸಡಿಲಿತು. ತುಂಡುಗಳನ್ನು ಕೂಡಿಸುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದಾಯಿತು. 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ಪ್ರಮಾಣೀಕರಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಭಾರತೀಯ ಲಿಪಿಗಳಿಗೆಲ್ಲ ಒಂದೇ ಜೋಡಣೆ ಕೊಟ್ಟಿತು. ಎಡಗಡೆ ಸ್ವರ, ಬಲಗಡೆ ವ್ಯಂಜನ. ಒಂದು ಭಾಷೆಯಲ್ಲಿ ಕಲಿತವರು ಇನ್ನೊಂದರಲ್ಲೂ ಬೆರಳಾಡಿಸಬಹುದಿತ್ತು. ಆದರೆ ಇಂಗ್ಲಿಷ್ ಕೀಲಿಮಣೆಗೆ ಒಗ್ಗಿದವರು ಅಕ್ಷರಗಳ ಜಾಗವನ್ನು ಹೊಸದಾಗಿ ಬಾಯಿಪಾಠ ಮಾಡಬೇಕಿತ್ತು.

ಬೇರೊಂದು ದಾರಿ ತೋರಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. 1940ರಲ್ಲಿ ಹುಟ್ಟಿದ, ಮಂಗಳೂರು ಕಡೆಯ ಇವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುಂದೆ ಮುದ್ರಣ ರಂಗದಲ್ಲೂ ದುಡಿದವರು. ಅವರ ವಿನ್ಯಾಸದ ಲೆಕ್ಕ ಸರಳ. ಇಂಗ್ಲಿಷಿನ 26 ಕೀಲಿಗಳಿಗೆ ಶಿಫ್ಟ್ ಸೇರಿದರೆ ಜಾಗ 52, ಕನ್ನಡದ ಅಕ್ಷರ 49. ‘ಕೆ’ ಕೀಲಿಗೆ ಕ, ಶಿಫ್ಟ್ ಹಿಡಿದರೆ ಖ. ‘ಜಿ’ಗೆ ಗ, ಶಿಫ್ಟ್‌ಗೆ ಘ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಉಚ್ಚಾರಕ್ಕೆ ಹೊಂದುವ ಇಂಗ್ಲಿಷ್ ಅಕ್ಷರ ಸಿಗದ ಟ, ಡಗಳಿಗೆ ‘ಕ್ಯೂ’, ‘ಡಬ್ಲ್ಯೂ’ ಕೀಲಿಗಳು ಒದಗಿದವು. ಒತ್ತಕ್ಷರಕ್ಕೆ ನಡುವೆ ‘ಎಫ್’ ಒತ್ತಿದರೆ ಮುಗಿಯಿತು. ‘ಕನ್ನಡ’ ಎಂದು ಬರೆಯಲು ಐದೇ ಒತ್ತು: ಕ, ನ, ಕೂಡುಗೀಲಿ, ನ, ಡ. ನಾವು ಆಡುವುದನ್ನೇ ಬೆರಳು ಒತ್ತುತ್ತದೆ, ಆಕಾರದ ಗೊಡವೆ ಯಂತ್ರದ್ದು. ಈ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟು ರಾವ್ ಅದನ್ನು ಉಚಿತವಾಗಿ ಹಂಚಿದರು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ತಂತ್ರಾಂಶವನ್ನು ಹೊರತಂದರು. ಅದೂ ಆಗ ಉಚಿತವೇ. ಇದರಲ್ಲಿ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಟೈಪಿಸಬೇಕು. ಅಕಾರವನ್ನೂ ಬಿಡದೆ ಒತ್ತಬೇಕಾದ್ದರಿಂದ ‘ಕನ್ನಡ’ಕ್ಕೆ ಏಳು ಒತ್ತು. ಆದರೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರಲಿಲ್ಲ. ಹಾಗಾಗಿ ಹೊರನಾಡಿನ ಕನ್ನಡಿಗರೂ ಸುಲಭವಾಗಿ ಕನ್ನಡದಲ್ಲಿ ಬರೆಯತೊಡಗಿದರು. ಇತ್ತ ಕನ್ನಡ ಗಣಕ ಪರಿಷತ್ತು ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿ ‘ನುಡಿ’ಯನ್ನು ಸಿದ್ಧಪಡಿಸಿತು. ಸರ್ಕಾರಿ ಕಚೇರಿಗಳಿಗೆ ಅದೇ ಪ್ರಮಾಣವಾಯಿತು. ಪರಿಷತ್ತಿನ ಹೆಸರಿನಿಂದ ಆ ಕೀಲಿಮಣೆಗೆ ‘ಕಗಪ’ ಎಂಬ ಹೆಸರೂ ಅಂಟಿಕೊಂಡಿತು.

ಒತ್ತುವ ಕ್ರಮ ಉಚ್ಚಾರಕ್ಕೆ ತಿರುಗಿದರೂ ಕಡತದೊಳಗೆ ಉಳಿದದ್ದು ಆಕಾರವೇ. ಆಗಿನ ಫಾಂಟ್‌ಗಳಲ್ಲಿ 256 ಮನೆಗಳು ಮಾತ್ರ. ಅವು ತುಂಬಿದ್ದುದು ಅಕ್ಷರದ ತುಂಡುಗಳಿಂದ. ನುಡಿ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿರುವ ತುಂಡು, ಅದರ ಪಕ್ಕಕ್ಕೆ ತಲೆಕಟ್ಟಿನ ತುಂಡು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಪದ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಕಷ್ಟವಾಗಿತ್ತು.

ಇದಕ್ಕೆ ಉತ್ತರ 1991ರಲ್ಲಿ ಹೊರಬಂದ ಯೂನಿಕೋಡ್‌ನಲ್ಲಿತ್ತು. ಭಾರತೀಯ ಲಿಪಿಗಳ ಇಸ್ಕಿ ಸಂಕೇತದ ಮಾದರಿಯಲ್ಲಿ ಅದು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಅಲ್ಲಿ ದಾಖಲಾಗುವುದು ಅಕ್ಷರವೇ ಹೊರತು ತುಂಡಲ್ಲ. ‘ಸೂರ್ಯ’ದ ರಕಾರ ಕಡತದಲ್ಲಿ ಯಕಾರಕ್ಕಿಂತ ಮೊದಲೇ ಕೂರುತ್ತದೆ, ಪರದೆಯಲ್ಲಿ ಅರ್ಕಾವತ್ತನ್ನು ಆಚೆ ಬರೆಯುವುದು ಫಾಂಟಿನ ಹೊಣೆ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದಾಗ ಮನೆಯ ಗಣಕಗಳಿಗೂ ಈ ಸೌಲಭ್ಯ ತಲುಪಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು.

ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತರುವ ಪರಿವರ್ತಕಗಳನ್ನು ಬರೆದವರಲ್ಲಿ ಬಿಡುವಿನ ವೇಳೆಯ ಹವ್ಯಾಸಿಗಳೂ ಇದ್ದರು. ಸಾವಿರಾರು ವಚನಗಳಲ್ಲಿ ಬೇಕಾದ ಪದವನ್ನು ಹುಡುಕಿಕೊಡುವ ‘ವಚನ ಸಂಚಯ’ದಂಥ ಸಮುದಾಯದ ಯೋಜನೆಗಳು ಯೂನಿಕೋಡ್ ಪಠ್ಯದ ಮೇಲೆ ನಿಂತಿವೆ. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳೂ ಕನ್ನಡವನ್ನು ಓದುವುದು ಇದೇ ಸಂಕೇತದಲ್ಲಿ. ಹಳೆಯ ಫಾಂಟುಗಳಲ್ಲೇ ಉಳಿದ ಬರಹ ಪರಿವರ್ತನೆಯಾಗುವವರೆಗೆ ಅವುಗಳಿಗೆ ಕನ್ನಡವಾಗಿ ಕಾಣುವುದಿಲ್ಲ.