ಪಿಕಪ್ ಎತ್ತರಿಸಿದಾಗ ಏರುವುದೇನು, ಇಳಿಯುವುದೇನು?

ನಿಂತ ಲಾರಿಯ ಹಿಂಚಕ್ರದ ಬಳಿ ಬಗ್ಗಿ ನೋಡಿ. ಒಂದರ ಮೇಲೊಂದು ಜೋಡಿಸಿ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. ಇವೇ ಲೀಫ್ ಸ್ಪ್ರಿಂಗುಗಳು. ಜಟಕಾ ಗಾಡಿಗಳಲ್ಲೂ ಇವು ಇದ್ದವು. ಭಾರ ಹೊರುವುದು ಮತ್ತು ಹಳ್ಳದಿಣ್ಣೆಗಳ ಹೊಡೆತ ಒಡಲಿಗೆ ತಟ್ಟದಂತೆ ತಡೆಯುವುದು ಇವುಗಳ ಕೆಲಸ. ಸ್ಪ್ರಿಂಗಿನ ಬಾಗು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ.

1941ರ ವಿಲ್ಲಿಸ್ ಜೀಪಿನ ನಾಲ್ಕೂ ಚಕ್ರಗಳಿಗೆ ಲೀಫ್ ಸ್ಪ್ರಿಂಗುಗಳೇ ಆಧಾರ. ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಸೇರಿಸಿತ್ತು. 1979ರಲ್ಲಿ ಬಂದ ಟೊಯೋಟಾ ಹೈಲಕ್ಸ್‌ನ ನಾಲ್ಕು ಚಕ್ರ ಚಾಲನೆಯ ಪಿಕಪ್ಪಿನದೂ ಇದೇ ರಚನೆ. ಅಮೆರಿಕದ ಕಲ್ಲುಬಂಡೆಗಳ ದಾರಿಯಲ್ಲಿ ಗಾಡಿ ಓಡಿಸುವ ಹವ್ಯಾಸಿಗಳಿಗೆ ಇದು ಅಚ್ಚುಮೆಚ್ಚಾಯಿತು. ಹೆಚ್ಚು ಬಾಗಿದ ಪಟ್ಟಿಗಳನ್ನು ಹಾಕಿದರೆ ಗಾಡಿ ಎತ್ತರವಾಗುತ್ತಿತ್ತು, ದೊಡ್ಡ ಟೈರಿಗೆ ಜಾಗ ಸಿಗುತ್ತಿತ್ತು.

ಅಮೆರಿಕದಲ್ಲಿ 1986ರ ಮಾದರಿಯಿಂದ ಕಂಪನಿ ಆ ಮುಂದಿನ ಅಚ್ಚನ್ನು ಕೈಬಿಟ್ಟಿತು. ಪ್ರತಿ ಮುಂಚಕ್ರವೂ ತನ್ನಷ್ಟಕ್ಕೆ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಬಂತು. ಬಾಗುವ ಪಟ್ಟಿಯ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್, ಸ್ಪ್ರಿಂಗಾಯಿತು. ರಸ್ತೆಯ ಮೇಲಿನ ಪ್ರಯಾಣ ಹಿತವಾಯಿತು. ಆದರೆ ಎತ್ತರಿಸುವುದು ಕಷ್ಟವಾಯಿತು. ಸರಳನ್ನು ಬಿಗಿಮಾಡಿ ಗಾಡಿಯನ್ನು ಏರಿಸಬಹುದು, ನಿಜ. ಆಗ ಚಕ್ರಕ್ಕೆ ಕೆಳಗಿಳಿಯಲು ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ಚಾಲಕ ದಂಡದ ಕೀಲುಗಳು ಓರೆಯಾಗಿ ಬೇಗ ಸವೆಯುತ್ತವೆ.

ಈಗ ಒಂದು ಪ್ರಶ್ನೆ. ಗಟ್ಟಿ ಅಚ್ಚಿನ ಗಾಡಿಗೆ 10 ಸೆಂಮೀ ಎತ್ತರದ ಸ್ಪ್ರಿಂಗ್ ಹಾಕಿದರೆ, ಅಚ್ಚಿನ ನಡುವೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ ಎಷ್ಟು ಮೇಲೇರುತ್ತದೆ? ಸ್ವಲ್ಪವೂ ಇಲ್ಲ! ಅಚ್ಚು ಇರುವುದು ಚಕ್ರದ ಕೇಂದ್ರದಲ್ಲಿ. ಅದನ್ನು ಏರಿಸುವುದು ಟೈರು ಮಾತ್ರ. ಟೈರಿನ ವ್ಯಾಸ 5 ಸೆಂಮೀ ಹೆಚ್ಚಿದರೆ ಅಚ್ಚು 2.5 ಸೆಂಮೀ ಏರುತ್ತದೆ. ಬಂಡೆಗೆ ಮೊದಲು ತಗಲುವುದು ಈ ಉಬ್ಬೇ ಆಗಿದ್ದರೆ, ಬರೀ ಸ್ಪ್ರಿಂಗಿನಿಂದ ಏನೂ ದಕ್ಕದು.

ಏರಿದ ಎತ್ತರಕ್ಕೆ ಬೆಲೆಯೂ ಉಂಟು. ಎಡಬಲ ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಗಾಡಿಯ ಸ್ಥಿರತೆಯ ಅಳತೆ. ಅಂತರ 150 ಸೆಂಮೀ, ಎತ್ತರ 65 ಸೆಂಮೀ ಎನ್ನೋಣ. 75 ÷ 65 = 1.15. ಗುರುತ್ವ ಕೇಂದ್ರ 10 ಸೆಂಮೀ ಏರಿದರೆ 75 ÷ 75 = 1. ಸ್ಪ್ರಿಂಗಿನ ವಾಲಾಟವನ್ನು ಬದಿಗಿಟ್ಟರೆ, ಸುಮಾರು 49 ಡಿಗ್ರಿ ಓರೆಯವರೆಗೆ ನಿಲ್ಲಬಲ್ಲ ಗಾಡಿ ಈಗ 45 ಡಿಗ್ರಿಗೇ ಮಗುಚುತ್ತದೆ. ತಿರುವಿನಲ್ಲಿ ಮಗುಚುವ ಅಪಾಯವೂ ಹಾಗೆಯೇ ಹೆಚ್ಚುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರಲ್ಲಿ ಹೊಸ ಗಾಡಿಗಳಿಗೆ ಮಗುಚುವಿಕೆಯ ದರ್ಜೆ ಕೊಡಲು ಆರಂಭಿಸಿದ್ದು ಈ ಸಂಖ್ಯೆಯ ಆಧಾರದ ಮೇಲೆಯೇ.

ಸ್ಪ್ರಿಂಗನ್ನು ಗಡುಸಾಗಿಸಿ ಎತ್ತರಿಸಿದರೆ ಇನ್ನೊಂದು ತೊಂದರೆ. ಭಾರಕ್ಕೆ ಸ್ಪ್ರಿಂಗ್ 25 ಸೆಂಮೀ ಕುಗ್ಗಿದರೆ ಒಡಲು ಸೆಕೆಂಡಿಗೆ ಒಮ್ಮೆ ಮೆಲ್ಲಗೆ ತೂಗುತ್ತದೆ. ಕುಗ್ಗುವುದು 6.25 ಸೆಂಮೀಗೆ ಇಳಿದರೆ ಎರಡು ಬಾರಿ ಕುಲುಕುತ್ತದೆ. ಬೆನ್ನಿಗೆ ಪೆಟ್ಟು, ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಡುವ ಸಂಭವವೂ ಹೆಚ್ಚು.

ಹಾಗಾದರೆ ಆಯ್ಕೆ ಹೇಗೆ? ಮೊದಲು ದಾರಿ ಯಾವುದು, ಗಾಡಿಯ ಯಾವ ಭಾಗ ನೆಲಕ್ಕೆ ತಗಲುತ್ತಿದೆ ಎಂದು ನೋಡಬೇಕು. ಆಮೇಲೆ ಟೈರು. ಆ ಟೈರಿಗೆ ಬೇಕಾದಷ್ಟೇ ಎತ್ತರ, ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್. ಟೈರು ದೊಡ್ಡದಾದರೆ ಬ್ರೇಕಿನ ಹಿಡಿತ ಸಾಲದಾಗಬಹುದು; ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ನಮ್ಮಲ್ಲಿ ಕಾನೂನನ್ನೂ ಮರೆಯುವಂತಿಲ್ಲ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಟುಗಳನ್ನು ನಿರ್ಬಂಧಿಸುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ. ತುಂಬಿದ ಬೆಂಕಿಪೊಟ್ಟಣವನ್ನು ಒರಟು ಹಲಗೆಯ ಮೇಲೆ ಮಲಗಿಸಿ, ಹಲಗೆಯನ್ನು ನಿಧಾನವಾಗಿ ಓರೆಮಾಡಿ. ಆಮೇಲೆ ಪೊಟ್ಟಣವನ್ನು ನಿಲ್ಲಿಸಿ ಅದನ್ನೇ ಮಾಡಿ. ಯಾವುದು ಬೇಗ ಉರುಳಿತು? ಏಕೆ? ವಿದ್ಯಾರ್ಥಿಗಳೇ ಹೇಳಲಿ.