ಕೆರೆಯ ಅಂಚು ಮತ್ತು ಮಧ್ಯಂತರ ಆಡಳಿತ: ಬೆಂಗಳೂರಿನ ಅನುಭವದ ಒಂದು ಸಮೀಕ್ಷೆ

1

ಆಡಳಿತದ ಚರಿತ್ರೆಯನ್ನು ಬರೆಯುವವರು ಅಧಿನಿಯಮಗಳನ್ನೂ, ಅಂಗೀಕೃತ ಯೋಜನೆಗಳನ್ನೂ, ಅಂತಿಮ ತೀರ್ಪುಗಳನ್ನೂ ಆಧಾರವಾಗಿಟ್ಟುಕೊಳ್ಳುವುದು ರೂಢಿ. ಒಂದು ಕಾಯಿದೆಗೂ ಮತ್ತೊಂದು ಕಾಯಿದೆಗೂ ನಡುವೆ, ಒಂದು ಆಜ್ಞೆ ಹೊರಟಂದಿನಿಂದ ಅದು ರದ್ದಾಗುವವರೆಗೆ, ಪೌರಾಡಳಿತದ ಕಚೇರಿಯಲ್ಲಿ ಯಾವ ಕ್ರಮ ನಡೆಯುತ್ತಿತ್ತೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಕೆರೆ, ಕಾಲುವೆ, ಜೌಗುನೆಲಗಳ ವಿಷಯದಲ್ಲಾದರೋ ಈ ನಡುಗಾಲವೇ ನಿರ್ಣಾಯಕವಾದುದು. ಕಟ್ಟಡವೊಂದು ಮೇಲೇಳಲು ಒಂದೆರಡು ವರ್ಷಗಳು ಸಾಕು. ಕಾಯಿದೆಯೊಂದು ರೂಪುಗೊಳ್ಳಲು ಇಪ್ಪತ್ತೈದು ವರ್ಷ ಹಿಡಿದುದುಂಟು. ಅಷ್ಟರಲ್ಲಿ ನೀರಿನ ಅಂಚಿನಲ್ಲಿ ಆಗಬೇಕಾದುದು ಆಗಿಹೋಗಿರುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಬೆಂಗಳೂರಿನ ಕೆರೆಗಳ ನೆರೆಯಲ್ಲಿ ನಡೆದ ನಗರಾಭಿವೃದ್ಧಿಯನ್ನು ಹತೋಟಿಯಲ್ಲಿಡಲು 1985ರಿಂದೀಚೆಗೆ ಕೈಕೊಂಡ ತಾತ್ಕಾಲಿಕ ಕ್ರಮಗಳನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಈ ಕ್ರಮಗಳೆಲ್ಲವೂ ಕೆರೆಯಿಂದ ಎಷ್ಟು ದೂರ ಕಟ್ಟಬಾರದೆಂಬುದನ್ನು ಕುರಿತವು. ಆದರೆ ಆ ದೂರವನ್ನು ಎಲ್ಲಿಂದ ಅಳೆಯಬೇಕು, ಕೆರೆಯ ಅಂಚು ಯಾವುದು ಎಂಬ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಅಂತರದ ಸಂಖ್ಯೆ ಹೊರಬೀಳುತ್ತ ಬಂದಿತೆಂಬುದು ನಮ್ಮ ಮುಖ್ಯ ಪ್ರತಿಪಾದನೆ.

2

ಕೆರೆಯೆಂದರೆ ನೀರು ನಿಂತ ತಗ್ಗು ಮಾತ್ರವಲ್ಲ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು, ಮೇಲಿನ ಕೆರೆಯ ಕೋಡಿನೀರನ್ನು ಕೆಳಗಿನ ಕೆರೆಗೆ ಒಯ್ಯುವ ಕಾಲುವೆ, ಇವೆಲ್ಲ ಸೇರಿ ಒಂದು ವ್ಯವಸ್ಥೆ. ಗಂಗರ ಕಾಲದ, ಸುಮಾರು 9ನೆಯ ಶತಮಾನದ ಅಗರದ ಶಾಸನವೊಂದು ಕೆರೆಗಳಿಗೆ ತೂಬನ್ನು ಇಡಿಸಿದ, ಹೊಸ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಅಗರ, ಬೆಳ್ಳಂದೂರು, ವರ್ತೂರು ಕೆರೆಗಳು ಒಂದಾದಮೇಲೊಂದರಂತೆ ನೀರನ್ನು ದಕ್ಷಿಣ ಪಿನಾಕಿನಿಯ ಕಡೆಗೆ ಸಾಗಿಸುವ ಸರಪಳಿಯಂತಿವೆ. ಇದೇ ಅಗರದ ನೆರೆಯ ನೆಲವೇ 11 ಶತಮಾನಗಳ ತರುವಾಯ ನಾವು ಮುಂದೆ ನೋಡಲಿರುವ ಮೊಕದ್ದಮೆಗೆ ಕಾರಣವಾಯಿತು.

ಹಳೆಯ ವ್ಯವಸ್ಥೆಯಲ್ಲಿ ಕೆರೆಯ ಅಂಚು ಚಲಿಸುವ ಅಂಚು. ಮಳೆಗಾಲದಲ್ಲಿ ನೀರು ಕೋಡಿಯ ಮಟ್ಟದವರೆಗೆ ಹರಡುವುದು. ಬೇಸಗೆಯಲ್ಲಿ ಹಿಂದಕ್ಕೆ ಸರಿದು ಅಂಗಳವನ್ನು ಬಿಟ್ಟುಕೊಡುವುದು. ಆ ಅಂಗಳದಲ್ಲಿ ದನ ಮೇಯುತ್ತಿದ್ದುವು. ಗೋಡನ್ನು ಗದ್ದೆಗೆ ಹೊಡೆಯುತ್ತಿದ್ದರು. ತೂಬಿನ ನೀರನ್ನು ಹಂಚುವ ಹೊಣೆ ನೀರಗಂಟಿಯದು. ಅಂಚಿನ ನೆಲದ ಉಪಯೋಗ ನೀರಿನ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಇಷ್ಟು ಗಜ, ಇಷ್ಟು ಅಡಿ ಎಂಬ ನಿರ್ಬಂಧದ ಅಗತ್ಯವೇ ತೋರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸೀಮೆಯಲ್ಲಿ ನಡೆದ ಕಂದಾಯದ ಮೋಜಣಿಯು ಕೆರೆಗೆ ಒಂದು ಸರ್ವೆ ನಂಬರನ್ನೂ, ನಕ್ಷೆಯಲ್ಲಿ ಒಂದು ಗೆರೆಯನ್ನೂ ಕೊಟ್ಟಿತು. ಸಾಗುವಳಿಗೆ ಒಳಪಡದ ಖರಾಬು ನೆಲವೆಂದು ಅದನ್ನು ದಾಖಲು ಮಾಡಿತು. ಅಂದಿನಿಂದ ಕೆರೆಗೆ ಎರಡು ಅಂಚುಗಳಾದುವು: ನೀರು ತಾನೇ ಬರೆದುಕೊಳ್ಳುವ ಅಂಚು ಒಂದು, ಶಾನುಭೋಗರ ಕಾಗದದಲ್ಲಿರುವ ಅಂಚು ಮತ್ತೊಂದು. ಇವೆರಡೂ ಎಲ್ಲೆಡೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ನಗರಕ್ಕೆ ಕೆರೆಯ ನೀರು ಬೇಕಾಗಿರುವವರೆಗೆ ಈ ಭೇದದಿಂದ ವಿಶೇಷ ಹಾನಿಯಾಗಲಿಲ್ಲ. 1894ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, 1974ರಲ್ಲಿ ಕಾವೇರಿಯಿಂದಲೂ ಕೊಳವೆಯ ನೀರು ಬಂದಂತೆಲ್ಲ ಊರೊಳಗಿನ ಕೆರೆಗಳು ನಿರುಪಯುಕ್ತವಾದ ವಿಶಾಲ ನೆಲಗಳಾಗಿ ಕಾಣತೊಡಗಿದುವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೂ ಎದ್ದುವು. ಇವು ಕದ್ದುಮುಚ್ಚಿ ಆದ ಒತ್ತುವರಿಗಳಲ್ಲ. ಸಾರ್ವಜನಿಕ ಹಿತವೆಂದೇ ಭಾವಿಸಿ ಕೈಕೊಂಡ ಕಾರ್ಯಗಳೆಂಬುದನ್ನು ಚರಿತ್ರಕಾರನು ಮರೆಯಲಾಗದು.

3

ಈ ಪ್ರವೃತ್ತಿಗೆ ತಡೆಯೊಡ್ಡುವ ಮೊದಲ ಗಣನೀಯ ಪ್ರಯತ್ನ 1985ರಲ್ಲಿ ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ತಜ್ಞರ ಸಮಿತಿಯದು. ಕೆರೆಗಳ ಏರಿಯನ್ನು ಒಡೆಯಬಾರದು, ಚರಂಡಿಯ ನೀರನ್ನು ಅವುಗಳಿಂದ ತಿರುಗಿಸಬೇಕು, ಈಗಾಗಲೇ ಒಡೆದ ಕೆರೆಗಳಲ್ಲಿ ಮರಗಳನ್ನು ಬೆಳೆಸಬೇಕು ಎಂಬುವು ಅದರ ಪ್ರಮುಖ ಸಲಹೆಗಳು. 1988ರಲ್ಲಿ ಸರ್ಕಾರವು ಇವನ್ನು ಒಪ್ಪಿ ಆದೇಶ ಹೊರಡಿಸಿತು.

ಈ ಆದೇಶದ ಸ್ವರೂಪವನ್ನು ಗಮನಿಸತಕ್ಕದ್ದು. ಇದು ಶಾಸನವಲ್ಲ, ಸರ್ಕಾರವು ತನ್ನ ಇಲಾಖೆಗಳಿಗೇ ಇತ್ತ ಸೂಚನೆ. ಕೆರೆಯ ಒಳಗೆ ಏನು ಮಾಡಬಾರದೆಂದು ಅದು ಹೇಳಿತು. ಕೆರೆಯ ಹೊರಗೆ, ಖಾಸಗಿ ಹಿಡುವಳಿಯಲ್ಲಿ, ಮನೆ ಕಟ್ಟಲು ಅರ್ಜಿ ಹಾಕಿದವನಿಗೆ ಏನು ಉತ್ತರ ಹೇಳಬೇಕೆಂಬುದು ಅದರ ವ್ಯಾಪ್ತಿಗೆ ಸೇರಿದುದಲ್ಲ. 2002ರಲ್ಲಿ ಸ್ಥಾಪಿತವಾದ ಕೆರೆ ಅಭಿವೃದ್ಧಿ ಪ್ರಾಧಿಕಾರವೂ ನೋಂದಾಯಿತ ಸಂಘದ ರೂಪದಲ್ಲಿದ್ದಿತೇ ಹೊರತು ಕಾಯಿದೆಯ ಬಲವನ್ನು ಪಡೆದಿರಲಿಲ್ಲ. ಕೆರೆಗಳ ರಕ್ಷಣೆಗೆಂದೇ ಅಧಿನಿಯಮಗಳು ಬಂದುದು 2014ರಲ್ಲಿ. ಎಂದರೆ 1988ರ ಆದೇಶಕ್ಕೂ ಅವುಗಳಿಗೂ ನಡುವೆ 26 ವರ್ಷಗಳು ಸಂದುವು. ಬೆಂಗಳೂರು ಅತ್ಯಂತ ವೇಗವಾಗಿ ಬೆಳೆದ ಕಾಲವೂ ಇದೇ ಆಗಿದ್ದಿತು. ಮಧ್ಯಂತರವೆಂದು ಕರೆಯುವ ಸ್ಥಿತಿ ಒಂದು ತಲೆಮಾರಿನಷ್ಟು ದೀರ್ಘವಾಯಿತು.

ಈ ಅವಧಿಯಲ್ಲಿ ಅರ್ಜಿದಾರನಿಗೂ ಅಧಿಕಾರಿಗೂ ಖಚಿತವಾದ ಒಂದು ಅಳತೆಯನ್ನು ಒದಗಿಸಿದ್ದು 2007ರಲ್ಲಿ ಅಂಗೀಕೃತವಾದ, 2015ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡ ಪರಿಷ್ಕೃತ ಮಹಾಯೋಜನೆ. ಕಂದಾಯ ದಾಖಲೆಯಂತೆ ಕೆರೆಯ ಸುತ್ತ 30 ಮೀಟರು, ಪ್ರಥಮ ದರ್ಜೆಯ ರಾಜಕಾಲುವೆಗೆ 50, ದ್ವಿತೀಯ ದರ್ಜೆಗೆ 25, ತೃತೀಯ ದರ್ಜೆಗೆ 15 ಮೀಟರು ಅಂತರವನ್ನು ಅದು ವಿಧಿಸಿತು. ಕಾಲುವೆಗಳ ಅಂತರವನ್ನು ಅವುಗಳ ಮಧ್ಯರೇಖೆಯಿಂದ ಅಳೆಯಬೇಕಾಗಿದ್ದಿತು. ಇಲ್ಲಿ ಕೆರೆಯ ಅಂಚು ಕಾಗದದ ಅಂಚು. ನೀರು ಅದರಾಚೆ ನಿಂತರೂ ಈಚೆ ನಿಂತರೂ ಲೆಕ್ಕಕ್ಕಿಲ್ಲ.

4

2014ರಲ್ಲಿ ಅಗರ, ಬೆಳ್ಳಂದೂರು ಕೆರೆಗಳ ನಡುವಣ ನೆಲದಲ್ಲಿ ನಡೆಯುತ್ತಿದ್ದ ಬೃಹತ್ ನಿರ್ಮಾಣಗಳನ್ನು ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಅರ್ಜಿ ದಾಖಲಾಯಿತು. ಆ ಮೊಕದ್ದಮೆಯಲ್ಲಿ 2016ರ ಮೇ 4ರಂದು ಮಂಡಳಿಯಿತ್ತ ಆಜ್ಞೆ ಎರಡು ಕಟ್ಟಡಗಳ ಎಲ್ಲೆಯನ್ನು ದಾಟಿ ಇಡೀ ನಗರಕ್ಕೆ ಅನ್ವಯಿಸುವಂತಹುದಾಗಿದ್ದಿತು. ಕೆರೆಯ ಪರಿಧಿಯಿಂದ 75 ಮೀಟರು, ಮೂರು ದರ್ಜೆಯ ರಾಜಕಾಲುವೆಗಳಿಗೆ ಅನುಕ್ರಮವಾಗಿ 50, 35, 25 ಮೀಟರು ನೆಲವನ್ನು ನಿರ್ಮಾಣರಹಿತವಾಗಿ ಬಿಡಬೇಕೆಂದೂ, ಕಾಲುವೆಗಳ ಅಂತರವನ್ನು ಮಧ್ಯರೇಖೆಯಿಂದಲ್ಲದೆ ಅಂಚಿನಿಂದ ಅಳೆಯಬೇಕೆಂದೂ ಅದು ವಿಧಿಸಿತು.

ಅಳತೆಯ ಆರಂಭಬಿಂದುವನ್ನು ಬದಲಿಸಿದ್ದರ ಪರಿಣಾಮವೇನೆಂಬುದನ್ನು ಒಂದು ಊಹಾತ್ಮಕ ಉದಾಹರಣೆಯಿಂದ ವಿಶದಪಡಿಸಬಹುದು. 4 ಮೀಟರು ಅಗಲದ ತೃತೀಯ ದರ್ಜೆಯ ಕಾಲುವೆಯೊಂದಿದೆಯೆಂದು ಇಟ್ಟುಕೊಳ್ಳೋಣ. ಮಹಾಯೋಜನೆಯಂತೆ ಮಧ್ಯದಿಂದ 15 ಮೀಟರು, ಎಂದರೆ ಅಂಚಿನಿಂದ 13 ಮೀಟರು ಬಿಟ್ಟರೆ ಸಾಕು. ನ್ಯಾಯಮಂಡಳಿಯ ಆಜ್ಞೆಯಂತೆ ಅಂಚಿನಿಂದಲೇ 25 ಮೀಟರು ಬಿಡಬೇಕು. ವ್ಯತ್ಯಾಸ 12 ಮೀಟರು. ಬೆಂಗಳೂರಿನ ಮಧ್ಯಮವರ್ಗದವರು ಜೀವಮಾನದ ಉಳಿತಾಯದಿಂದ ಕೊಳ್ಳುವ 30 ಅಡಿ, 40 ಅಡಿಯ ನಿವೇಶನದ ಉದ್ದವೂ ಸುಮಾರು 12 ಮೀಟರೇ. ಕಾಲುವೆಯ ಎರಡು ದಡಗಳಲ್ಲಿಯೂ ಒಂದೊಂದು ಸಾಲು ನಿವೇಶನಗಳು ಒಂದೇ ದಿನ ನಿಷಿದ್ಧ ವಲಯಕ್ಕೆ ಸೇರಿದಂತಾಯಿತು.

ಇದನ್ನು ಹೇಳುವಾಗ ಮಂಡಳಿಯ ಆತಂಕ ನಿರಾಧಾರವಾದುದೆಂದು ನಮ್ಮ ಅಭಿಪ್ರಾಯವಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡುದನ್ನು ನಾಡೆಲ್ಲ ಕಂಡಿತು. ನೀರೇ ಉರಿಯುವ ಸ್ಥಿತಿ ಬಂದಾಗ 30 ಮೀಟರು ಸಾಕೆಂದು ವಾದಿಸುವುದು ಸುಲಭವಲ್ಲ. ಆದರೆ ಆಜ್ಞೆಯನ್ನು ನಡೆಸಬೇಕಾದವರು ಸ್ಥಳೀಯ ಅಧಿಕಾರಿಗಳು. ಅವರ ಕೈಯಲ್ಲಿದ್ದ ಅಂಗೀಕೃತ ಯೋಜನೆ ಒಂದನ್ನು ಹೇಳುತ್ತಿದ್ದಿತು. ನ್ಯಾಯಮಂಡಳಿಯ ಆಜ್ಞೆ ಇನ್ನೊಂದನ್ನು. ಮೊದಲನೆಯದರಂತೆ ಅನುಮತಿಯಿತ್ತರೆ ಆಜ್ಞೋಲ್ಲಂಘನೆ. ಎರಡನೆಯದರಂತೆ ನಿರಾಕರಿಸಿದರೆ ಕಾಯಿದೆಯಲ್ಲಿ ಆಧಾರವಿಲ್ಲವೆಂಬ ಆಕ್ಷೇಪ. 2017ರಲ್ಲಿ ಪ್ರಕಟವಾದ 2031ರ ಕರಡು ಮಹಾಯೋಜನೆಯಲ್ಲಿ ಹೊಸ ಅಂತರಗಳನ್ನು ಅಳವಡಿಸಿಕೊಂಡದ್ದೇನೋ ಉಂಟು. ಕರಡಿಗೆ ಅಂತಿಮ ಮುದ್ರೆ ಬೀಳಲಿಲ್ಲ; ತರುವಾಯ ಅದನ್ನು ಹಿಂತೆಗೆದುಕೊಳ್ಳಲಾಯಿತು.

2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಈ ಸಾರ್ವತ್ರಿಕ ಅಂತರದ ವಿಧಿಯನ್ನು ರದ್ದುಪಡಿಸಿತು. ಮಹಾಯೋಜನೆಯು ಕಾಯಿದೆಯ ಮೇರೆಗೆ ರಚಿತವಾದುದು. ಅದರ ವಿಧಿಗಳನ್ನು ಮಾರ್ಪಡಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂಬುದು ತೀರ್ಪಿನ ಸಾರ. 75 ಮೀಟರು ಹೆಚ್ಚೇ, 30 ಮೀಟರು ಕಡಿಮೆಯೇ ಎಂಬ ಪ್ರಶ್ನೆಯನ್ನು ಆಧರಿಸಿದ ತೀರ್ಪು ಇದಲ್ಲ. ವಿಧಿಸುವ ಅಧಿಕಾರ ಯಾರದೆಂಬುದನ್ನು ಆಧರಿಸಿದುದು. ಹೀಗೆ 2 ವರ್ಷ 10 ತಿಂಗಳು ನಡೆದ ವ್ಯವಸ್ಥೆ ಮುಗಿದು 2007ರ ಅಳತೆಯೇ ಮರಳಿ ಬಂದಿತು. 2015ಕ್ಕೆಂದು ರಚಿತವಾದ ಯೋಜನೆ 2015 ಕಳೆದ ಮೇಲೂ ಆಳುತ್ತಿದ್ದಿತು. ಎಂದಮೇಲೆ ಅದೂ ಒಂದು ಬಗೆಯ ಮಧ್ಯಂತರ ವ್ಯವಸ್ಥೆಯೇ ಎಂದರೆ ತಪ್ಪಾಗಲಾರದು.

5

ಇದು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಅಖಿಲ ಭಾರತದ ಮಟ್ಟದಲ್ಲಿಯೂ ಇದರ ಪ್ರತಿರೂಪವೇ ಕಾಣುತ್ತದೆ. 2010ರ ಜೌಗುಪ್ರದೇಶ ನಿಯಮಗಳ 4ನೆಯ ನಿಯಮವು, ಹಿಂದಿನ 10 ವರ್ಷಗಳಲ್ಲಿ ಕಂಡ ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ನಿರ್ಮಾಣವನ್ನು ನಿಷೇಧಿಸಿತು. ಇಲ್ಲಿ ಅಂಚೆಂದರೆ ಕಾಗದದ ಅಂಚಲ್ಲ, ನೀರಿನ ಅಂಚು. ಆದರೆ ರಾಜ್ಯಗಳು ಜೌಗುಪ್ರದೇಶಗಳನ್ನು ಗುರುತಿಸಿ ಘೋಷಿಸುವ ಕಾರ್ಯ ಹಿಂದುಳಿದುದರಿಂದ, ಉಪಗ್ರಹದ ಚಿತ್ರಗಳಿಂದ ಪಟ್ಟಿಮಾಡಲಾದ, 2.25 ಹೆಕ್ಟೇರಿಗೆ ಮೀರಿದ 2,01,503 ಜೌಗುಪ್ರದೇಶಗಳಿಗೆ ಈ ನಿಯಮದ ತತ್ತ್ವಗಳನ್ನು ಅನ್ವಯಿಸಬೇಕೆಂದು 2017ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು.

ಅದೇ ವರ್ಷ ಬಂದ ಹೊಸ ನಿಯಮಗಳು 50 ಮೀಟರಿನ ವಿಧಿಯನ್ನು ಉಳಿಸಿಕೊಂಡರೂ, ನೀರಾವರಿಗಾಗಿಯೂ ಕುಡಿಯುವ ನೀರಿಗಾಗಿಯೂ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟವು. ನಮ್ಮ ಕೆರೆಗಳ ಪಾಲಿಗೆ ಇದು ಸಣ್ಣ ಮಾತಲ್ಲ. ಬಯಲುಸೀಮೆಯ ಕೆರೆಗಳು ಬಹುಮಟ್ಟಿಗೆ ಬೇಸಾಯಕ್ಕೆಂದೇ ಕಟ್ಟಿದವುಗಳು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ರಾಮ್ಸಾರ್ ಪಟ್ಟಿಗೆ ಸೇರಿದುವು. ಎರಡೂ ಮನುಷ್ಯನಿರ್ಮಿತ ಕೆರೆಗಳೇ. ಕಟ್ಟಿದ ಕೆರೆಯೂ ಕಾಲಕ್ರಮದಲ್ಲಿ ಹಕ್ಕಿಗಳಿಗೂ ಜಲಸಸ್ಯಗಳಿಗೂ ನೆಲೆಯಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪಟ್ಟಿಯಲ್ಲಿರುವ ಜೌಗುಪ್ರದೇಶಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ ಗಡಿಗಳನ್ನು ಗುರುತಿಸುವ ಕಾರ್ಯವನ್ನು ಮೂರು ತಿಂಗಳೊಳಗೆ ಮುಗಿಸಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. 2010ರಲ್ಲಿ ವಿಧಿಸಿದ 50 ಮೀಟರಿನ ಅಂತರಕ್ಕೆ ಅಂಚನ್ನು ನಿಶ್ಚಯಿಸುವ ಕಾರ್ಯ 14 ವರ್ಷಗಳ ತರುವಾಯವೂ ಬಾಕಿಯಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

6

ಮೇಲ್ಕಂಡ ಸಂಗತಿಗಳಿಂದ ಏನು ಸಿದ್ಧಿಸುತ್ತದೆ? ಮಧ್ಯಂತರ ಕ್ರಮಗಳು ನಿಷ್ಫಲವೆಂದಲ್ಲ. 1988ರ ಆದೇಶವಿಲ್ಲದಿದ್ದರೆ ಇನ್ನೂ ಎಷ್ಟು ಏರಿಗಳು ಒಡೆಯುತ್ತಿದ್ದುವೋ ಹೇಳಲಾಗದು. ಆದರೆ ಅಂತರವನ್ನು ಸಾರುವುದು ಒಂದು ದಿನದ ಕೆಲಸ. ಅಂಚನ್ನು ಅಳೆದು, ಕಲ್ಲು ನೆಟ್ಟು, ನೆರೆಹೊರೆಯವರಿಂದ ಒಪ್ಪಿಸಿಕೊಳ್ಳುವುದು ಬಹುದಿನಗಳ, ಕೀರ್ತಿಯಿಲ್ಲದ ಕೆಲಸ. ನಮ್ಮಲ್ಲಿ ಮೊದಲನೆಯದು ಮತ್ತೆ ಮತ್ತೆ ನಡೆಯಿತು, ಎರಡನೆಯದು ಹಿಂದುಳಿಯಿತು. 2025ರ ಆಗಸ್ಟಿನಲ್ಲಿ ರಾಜ್ಯದ ಉಭಯ ಸದನಗಳೂ ಅಂಗೀಕರಿಸಿದ ತಿದ್ದುಪಡಿ ವಿಧೇಯಕವು ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಏರಿಳಿಸಿ, 100 ಎಕರೆಗೆ ಮೀರಿದ ಕೆರೆಗಳಿಗೆ 30 ಮೀಟರನ್ನೂ ಅದಕ್ಕಿಂತ ಸಣ್ಣವಕ್ಕೆ ಕಡಿಮೆ ಅಂತರವನ್ನೂ ಸೂಚಿಸಿತು. ಇಲ್ಲಿಯೂ ಚರ್ಚೆಯೆಲ್ಲ ಸಂಖ್ಯೆಯ ಸುತ್ತಲೇ ನಡೆಯಿತೆಂಬುದು ಗಮನಾರ್ಹ. ಅದೂ ಅಲ್ಲದೆ, ಅಂತರವು ವಿಸ್ತೀರ್ಣವನ್ನು ಅವಲಂಬಿಸಿದಾಗ ಅಂಚಿನ ಪ್ರಶ್ನೆ ಇಮ್ಮಡಿಯಾಗುತ್ತದೆ. ಒತ್ತುವರಿಯಿಂದ ಕೆರೆ ಕುಗ್ಗಿದ್ದರೆ ಅಳೆಯಬೇಕಾದುದು ಕುಗ್ಗಿದ ವಿಸ್ತೀರ್ಣವನ್ನೋ ದಾಖಲೆಯ ವಿಸ್ತೀರ್ಣವನ್ನೋ ಎಂಬುದನ್ನು ಮೊದಲು ನಿಶ್ಚಯಿಸಬೇಕಾಗುತ್ತದೆ.

ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆಯೆಂದು ನಾವು ಭಾವಿಸುತ್ತೇವೆ. ತೀರ್ಪುಗಳು ಸಂಪುಟಗಳಲ್ಲಿ ಉಳಿಯುತ್ತವೆ. ಅಧಿನಿಯಮಗಳು ರಾಜ್ಯಪತ್ರದಲ್ಲಿ ಉಳಿಯುತ್ತವೆ. 2016ರಿಂದ 2019ರವರೆಗೆ ನಗರದ ಕಚೇರಿಗಳಲ್ಲಿ ಸಂಚರಿಸಿದ ಸುತ್ತೋಲೆಗಳು, ಕಡತಗಳ ಮೇಲಿನ ಷರಾಗಳು, ಮೋಜಣಿದಾರರ ಕೈನಕ್ಷೆಗಳು, ತಿರಸ್ಕೃತವಾದ ಅರ್ಜಿಗಳು, ಇವನ್ನು ಉಳಿಸುವವರು ಯಾರು? 2007ರಲ್ಲಿ ರೂಪುಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2025ರಲ್ಲಿ ಐದು ನಗರಪಾಲಿಕೆಗಳಾಗಿ ವಿಭಜನೆಗೊಂಡಿತು. ಕಚೇರಿಗಳು ಒಡೆದಾಗ ಕಡತಗಳು ಚದುರುವುದು ನಾವು ಬಲ್ಲ ಸಂಗತಿಯೇ. ಅಂಚಿನಲ್ಲಿ ನಿಜವಾಗಿ ನಡೆದುದೇನೆಂಬುದನ್ನು ಹೇಳಬಲ್ಲವು ಈ ಕಾಗದಗಳು ಮಾತ್ರ.

ಆದಕಾರಣ ಪ್ರತಿಯೊಂದು ಕಾಲೇಜೂ ತನ್ನ ನೆರೆಯ ಒಂದು ಕೆರೆಯನ್ನಾದರೂ ಆರಿಸಿಕೊಂಡು, ಅದರ ಸರ್ವೆ ನಕ್ಷೆ, ಕೋಡಿಯ ಮಟ್ಟ, ಕಾಲುವೆಯ ದಾರಿ, ಅದರ ಅಂಚಿಗೆ ಸಂಬಂಧಿಸಿದ ಆದೇಶಗಳು, ಇವನ್ನು ಒಂದೆಡೆ ಕಲೆಹಾಕುವುದು ಯುಕ್ತವೆಂದು ತೋರುತ್ತದೆ. ಅಗರದ ಶಾಸನವನ್ನು ಕೊರೆಯಿಸಿದವರು ತೂಬನ್ನು ಇಡಿಸಿದ ಸಂಗತಿಯನ್ನು ಕಲ್ಲಿನಲ್ಲಿ ಬರೆಯಿಸಿದ್ದರಿಂದಲೇ ನಾವು ಅದನ್ನು ಬಲ್ಲೆವು. ನಮ್ಮ ಕಾಲದ ಕೆರೆಯ ಅಂಚನ್ನು ಕುರಿತು ಮುಂದಿನವರಿಗೆ ಅಷ್ಟಾದರೂ ತಿಳಿಯುವಂತೆ ಮಾಡುವುದು ನಮ್ಮಿಂದ ಆಗದ ಕಾರ್ಯವಲ್ಲ.